ಕರೆನ್ಸಿ ಮುಗಿದರೆ ಸವಲತ್ತೂ ಮುಗಿಯಿತೇ?

ನಮ್ಮ ಹಲಕುಂದಿಯಲ್ಲಿ ಹಿರಿಯರು ಈಗಲೂ ರೀಚಾರ್ಜ್ ಎನ್ನುವುದಿಲ್ಲ, ‘ಕರೆನ್ಸಿ ಹಾಕಿಸು’ ಎನ್ನುತ್ತಾರೆ. ಹತ್ತು ರೂಪಾಯಿಗೂ ಕರೆನ್ಸಿ ಸಿಗುತ್ತಿದ್ದ ಕಾಲದ ಮಾತು ಅದು. ಆಗ ದುಡ್ಡು ಖಾಲಿಯಾದರೆ ನಾವು ಮಾಡುವ ಕರೆ ಮಾತ್ರ ನಿಲ್ಲುತ್ತಿತ್ತು, ಬರುವ ಕರೆ ಬರುತ್ತಲೇ ಇತ್ತು. 2018ರ ಕೊನೆಯಲ್ಲಿ ದೊಡ್ಡ ಕಂಪನಿಗಳು 28 ದಿನಕ್ಕೆ ಕನಿಷ್ಠ 35 ರೂಪಾಯಿಯ ಪ್ಯಾಕ್ ಹಾಕಿಸಲೇಬೇಕು ಎಂದವು. ಹಾಕಿಸದಿದ್ದರೆ ಕೆಲವೇ ದಿನಗಳಲ್ಲಿ ಒಳಬರುವ ಕರೆಯೂ ಬಂದ್.

ಆ 35 ಈಗ ಎಲ್ಲಿಗೆ ಬಂದಿದೆ ನೋಡಿ. 2024ರ ಜುಲೈನ ದರ ಏರಿಕೆಯ ನಂತರ ಏರ್‌ಟೆಲ್‌ನ 28 ದಿನಗಳ ಆರಂಭಿಕ ಪ್ಯಾಕ್ 199 ರೂಪಾಯಿ ಆಯಿತು. 28 ದಿನದ ಲೆಕ್ಕವೆಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್. ಒಂದು ನಂಬರಿಗೆ 2,587 ರೂಪಾಯಿ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಪೀಸ್ ಲೆಕ್ಕದಲ್ಲಿ ಹೊಲಿಯುವವರಿಗೆ, ಕುರುಗೋಡು–ಸಿರುಗುಪ್ಪ ಕಡೆ ಮೆಣಸಿನಕಾಯಿ ಬಿಡಿಸಲು ಹೋಗುವವರಿಗೆ ಇದು ಸಣ್ಣ ಮೊತ್ತವಲ್ಲ. ಕೆಲಸ ಇಲ್ಲದ ತಿಂಗಳಲ್ಲಿ ಮನೆಯಲ್ಲಿ ಮೊದಲು ನಿಲ್ಲುವುದು ಫೋನೇ.

ನಿಲ್ಲಲಿ ಬಿಡಿ, ಫೋನ್ ಇಲ್ಲದಿದ್ದರೆ ಜೀವ ಹೋಗುತ್ತದೆಯೇ ಎಂದು ಕೇಳಬಹುದು. ಫೋನ್ ಬರೀ ಮಾತಿಗಾಗಿ ಇದ್ದಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಸರ್ಕಾರ ತನ್ನ ಕಚೇರಿಯ ಬಾಗಿಲನ್ನೇ ನಮ್ಮ ಸಿಮ್ ಒಳಗೆ ಇಟ್ಟಿದೆ. ಸೇವಾಸಿಂಧುಗೆ ಒಟಿಪಿ, ಬ್ಯಾಂಕಿಗೆ ಒಟಿಪಿ, ಸ್ಕಾಲರ್‌ಶಿಪ್ ಅರ್ಜಿಗೆ ಒಟಿಪಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ ಕೊಡುತ್ತದೆ, ಗರಿಷ್ಠ ಎರಡು ವರ್ಷ. ‘ಇನ್ನೂ ಕೆಲಸ ಸಿಕ್ಕಿಲ್ಲ’ ಎಂಬ ಸ್ವಯಂ ಘೋಷಣೆಯನ್ನು ಆನ್‌ಲೈನ್‌ನಲ್ಲೇ ಕೊಡಬೇಕು. ಕೆಲಸ ಇಲ್ಲ ಎಂದು ಹೇಳಲಿಕ್ಕೂ ಕರೆನ್ಸಿ ಬೇಕು! ನನ್ನ ಯುವನಿಧಿ ಹಣದಲ್ಲಿ ಮೊದಲು ಕಳೆಯುವ ಖರ್ಚು ಇದೇ. ಇನ್ನು ಖಾಸಗಿ ಕಂಪನಿಗಳ ಎಚ್ಆರ್‌ನವರು ಒಂದು ಸಲ ಕರೆ ಮಾಡುತ್ತಾರೆ, ಸಿಗದಿದ್ದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗುತ್ತಾರೆ.

ನಮ್ಮ ಓಣಿಯ ಒಬ್ಬ ಅತ್ತಿಯ ಕೀಪ್ಯಾಡ್ ಫೋನಿಗೆ ತಿಂಗಳುಗಟ್ಟಲೆ ಕರೆನ್ಸಿ ಬಿದ್ದಿರಲಿಲ್ಲ. ಬ್ಯಾಂಕ್ ಖಾತೆಗೆ ಕೆವೈಸಿ ಮಾಡಿಸಬೇಕಾಗಿ ಬಂದಾಗ ನಾನು ಆ ನಂಬರಿಗೆ ಕರೆ ಮಾಡಿದೆ. ಅತ್ತ ಕಡೆ ಯಾರೋ ಹಿಂದಿಯಲ್ಲಿ ಮಾತಾಡಿದರು. ಬಳಸದ ನಂಬರನ್ನು ಕಂಪನಿ ಬಂದ್ ಮಾಡುತ್ತದೆ, ನಂತರ 90 ದಿನ ಕಳೆದರೆ ಬೇರೆಯವರಿಗೆ ಕೊಡಲು ಅವಕಾಶವಿದೆ. ಅದು ನಿಯಮದ ಪ್ರಕಾರವೇ. ಆದರೆ ಅತ್ತಿ ಪಾಸ್‌ಬುಕ್ ತೋರಿಸಿ ‘ನಂಬರ್ ನಂದೇ ಐತಲ್ಲವ್ವ, ಬುಕ್ಕಿನಾಗ ಬರದಾರ ನೋಡು’ ಎಂದರೆ ಏನು ಹೇಳುವುದು? ಹೊಸ ಸಿಮ್, ಆಧಾರ್ ತಿದ್ದುಪಡಿ, ಮತ್ತೆ ಬ್ಯಾಂಕು ಎಂದು ಬಳ್ಳಾರಿಗೆ ಮೂರು ಸಲ ಓಡಾಡಿದರು. ಬಸ್ಸು ಶಕ್ತಿ ಯೋಜನೆಯಲ್ಲಿ ಉಚಿತ. ಮೂರು ದಿನದ ಕೂಲಿ ಮಾತ್ರ ಹೋಯಿತು.

ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್ ಮಾತ್ರದ ಪ್ಯಾಕ್ ಒಂದಾದರೂ ಇರಬೇಕು ಎಂದು ಕಂಪನಿಗಳಿಗೆ ಆದೇಶಿಸಿತು. ಒಳ್ಳೆಯ ಆದೇಶ. ಬಂದ ಪ್ಯಾಕ್‌ಗಳನ್ನು ನೋಡಿ. 2025ರ ಜನವರಿಯಲ್ಲಿ ಏರ್‌ಟೆಲ್ ನಿಗದಿ ಮಾಡಿದ್ದು 84 ದಿನಕ್ಕೆ 469, ವರ್ಷಕ್ಕೆ 1,849 ರೂಪಾಯಿ. ದಿನದ ಲೆಕ್ಕ ಹಾಕಿದರೆ ವರ್ಷದ ಪ್ಯಾಕ್‌ಗೆ ಸುಮಾರು 5 ರೂಪಾಯಿ, 84 ದಿನದ್ದಕ್ಕೆ ಐದೂವರೆ. 28 ದಿನದ 199ಕ್ಕೆ ದಿನಕ್ಕೆ ಏಳು ರೂಪಾಯಿಗಿಂತ ಹೆಚ್ಚು. ಡೇಟಾ ಬಳಸದ ಅತ್ತಿ ಒಂದೇ ಸಲಕ್ಕೆ 1,849 ರೂಪಾಯಿ ಎಣಿಸಿಕೊಡಲು ಆಗದೆ ದಿನಕ್ಕೆ ಏಳು ರೂಪಾಯಿಯ ಪ್ಯಾಕ್ ಹಾಕಿಸುತ್ತಾರೆ. ಕೈಯಲ್ಲಿ ಕಾಸಿಲ್ಲದವರೇ ಹೆಚ್ಚು ಕೊಡಬೇಕು.

ಹಾಗಾದರೆ ಇನ್ನೊಂದು ಬಿಟ್ಟಿ ಭಾಗ್ಯ ಬೇಕೇ? ಐದು ಗ್ಯಾರಂಟಿಗಳ ಸಾಲಿಗೆ ಆರನೆಯದಾಗಿ ಸೇರಿಸಿ ಎಂದು ನಾನು ಹೇಳುತ್ತಿಲ್ಲ. ಬಜೆಟ್‌ನಿಂದ ಕೊಟ್ಟಿದ್ದು ಎಷ್ಟು ದಿನ ಬಾಳಿತು ಎನ್ನುವುದಕ್ಕೆ ಪಕ್ಕದಲ್ಲೇ ಉದಾಹರಣೆ ಇದೆ. ತಮಿಳುನಾಡು 2021ರಲ್ಲಿ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳ ಒಂಬತ್ತೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ದಿನಕ್ಕೆ 2 ಜಿಬಿ ಡೇಟಾ ಘೋಷಿಸಿತು, ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ. ಏಪ್ರಿಲ್‌ನಲ್ಲೇ ಚುನಾವಣೆ. ರಾಜಸ್ಥಾನ 2023ರ ಆಗಸ್ಟ್‌ನಲ್ಲಿ ಮಹಿಳೆಯರಿಗೆ ಡೇಟಾ ಸಮೇತ ಸ್ಮಾರ್ಟ್‌ಫೋನ್ ಕೊಡಲು ಶುರು ಮಾಡಿತು. ಡಿಸೆಂಬರ್‌ನಲ್ಲಿ ಸರ್ಕಾರವೇ ಬದಲಾಯಿತು.

ಅಮೆರಿಕದ ಕಥೆ ಇಲ್ಲಿ ಕುತೂಹಲದ್ದು. ಅಲ್ಲಿ ‘ಲೈಫ್‌ಲೈನ್’ ಎಂಬ ಯೋಜನೆ 1985ರಿಂದ ಇದೆ. ಮೊದಲು ಬಡವರ ಲ್ಯಾಂಡ್‌ಲೈನ್ ಬಿಲ್ಲಿಗೆ, 2005ರಿಂದ ಮೊಬೈಲಿಗೆ, 2016ರ ನಂತರ ಇಂಟರ್‌ನೆಟ್ಟಿಗೂ ರಿಯಾಯಿತಿ. ಒಂದು ಮನೆಗೆ ಒಂದೇ, ತಿಂಗಳಿಗೆ 9.25 ಡಾಲರ್‌ವರೆಗೆ. ರೇಗನ್ ಕಾಲದಲ್ಲಿ ಹುಟ್ಟಿದ್ದನ್ನು ಜನ ‘ಒಬಾಮಾ ಫೋನ್’ ಎಂದು ಕರೆದರು. ಯೋಜನೆಗೆ ನಾಯಕರ ಹೆಸರು ಅಂಟಿಸುವ ಚಟ ನಮ್ಮಲ್ಲಿ ಮಾತ್ರ ಇಲ್ಲ ಅನ್ನಿ. ಕೋವಿಡ್ ನಂತರ ಅದೇ ದೇಶ ತಿಂಗಳಿಗೆ 30 ಡಾಲರ್ ಕೊಡುವ ಇನ್ನೊಂದು ಯೋಜನೆ ತಂದಿತು. ಸುಮಾರು 2.3 ಕೋಟಿ ಕುಟುಂಬಗಳು ಸೇರಿದವು. ಸಂಸತ್ತು ಮತ್ತೆ ಹಣ ಕೊಡಲಿಲ್ಲ, 2024ರಲ್ಲಿ ಅದು ಮುಚ್ಚಿತು. ಹಳೆಯ ಲೈಫ್‌ಲೈನ್ ಉಳಿದಿದ್ದು ಅದರ ಹಣ ಬಜೆಟ್‌ನದ್ದಲ್ಲ ಎಂಬ ಕಾರಣಕ್ಕೆ. ಟೆಲಿಕಾಂ ಕಂಪನಿಗಳಿಂದ ವಸೂಲಾಗುವ ನಿಧಿಯಿಂದ ಅದು ನಡೆಯುತ್ತದೆ.

ಅಂಥ ನಿಧಿ ನಮ್ಮಲ್ಲೂ 2002ರಿಂದ ಇದೆ! ಕಂಪನಿಗಳು ತಮ್ಮ ಹೊಂದಾಣಿಕೆಯಾದ ಒಟ್ಟು ಆದಾಯದ ಶೇ 5ರಷ್ಟನ್ನು ಇದಕ್ಕಾಗಿ ಕೇಂದ್ರಕ್ಕೆ ಕಟ್ಟುತ್ತವೆ. ಆ ಆದಾಯ ಬರುವುದು ನಾವು ನೀವು ಹಾಕಿಸುವ ಕರೆನ್ಸಿಯಿಂದ, ಅತ್ತಿಯ 199ರಿಂದಲೂ. 2023ರ ದೂರಸಂಪರ್ಕ ಕಾಯ್ದೆ ಅದಕ್ಕೆ ‘ಡಿಜಿಟಲ್ ಭಾರತ್ ನಿಧಿ’ ಎಂದು ಹೆಸರಿಟ್ಟಿತು. ಇಷ್ಟು ವರ್ಷ ಹಣ ಮುಖ್ಯವಾಗಿ ಹೋಗಿದ್ದು ಟವರ್‌ಗಳಿಗೆ, ಗ್ರಾಮ ಪಂಚಾಯಿತಿಗಳಿಗೆ ಕೇಬಲ್ ಎಳೆಯುವ ಭಾರತ್‌ನೆಟ್‌ಗೆ. ಟವರ್ ಇಲ್ಲದ ಕಾಡಿನ ಊರುಗಳಿಗೆ ಅದು ಬೇಕಿತ್ತು, ಈಗಲೂ ಬೇಕು. ಆದರೆ ಹಲಕುಂದಿಯಲ್ಲಿ ಸಿಗ್ನಲ್ ಫುಲ್ ಇದೆ, ಪ್ಯಾಕ್ ಇಲ್ಲ. 2024ರ ಆಗಸ್ಟ್‌ನಲ್ಲಿ ಪ್ರಕಟವಾದ ನಿಧಿಯ ನಿಯಮಗಳು ಮಹಿಳೆಯರು, ಅಂಗವಿಕಲರು, ಆರ್ಥಿಕವಾಗಿ ಮತ್ತು ಸಾಮಾಜಿಕವಾಗಿ ಹಿಂದುಳಿದವರಿಗೆ ದೂರಸಂಪರ್ಕ ಸೇವೆ ತಲುಪಿಸುವ ಯೋಜನೆಗಳಿಗೂ ಹಣ ಕೊಡಬಹುದು ಎನ್ನುತ್ತವೆ. ಅಂದರೆ ಹೊಸ ಕಾನೂನೂ ಬೇಕಿಲ್ಲ. ಡಿಜಿಟಲ್ ಸೇವೆ ಎಲ್ಲರ ಕೈಗೆ ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿಯೂ ಆಗಿದೆ.

ನಾನು ಕೇಳುವುದು ಅನ್‌ಲಿಮಿಟೆಡ್ ಡೇಟಾ ಅಲ್ಲ. ರೀಲ್ಸ್ ನೋಡುವ ಖರ್ಚನ್ನು ನಾನೇ ಕೊಡುತ್ತೇನೆ. ಒಂದು ಬಿಪಿಎಲ್ ಕಾರ್ಡಿಗೆ ಒಂದು ನಂಬರ್ ಗುರುತಿಸಲಿ. ಅದಕ್ಕೆ ಒಳಬರುವ ಕರೆ, ಎಸ್‌ಎಂಎಸ್ ಎಂದೂ ನಿಲ್ಲಬಾರದು. ಆ ನಂಬರನ್ನು ಬೇರೆಯವರಿಗೆ ಕೊಡಬಾರದು. ಖರ್ಚನ್ನು ನಿಧಿ ಭರಿಸಲಿ. ಗೃಹಲಕ್ಷ್ಮಿಯ ಹಾಗೆ ಇದೂ ಮನೆಯ ಯಜಮಾನಿ ಹೆಸರಲ್ಲೇ ಇರಲಿ, ಇಲ್ಲವಾದರೆ ಸಿಮ್ ಗಂಡಸರ ಜೇಬಿಗೆ ಹೋಗುವುದು ಗ್ಯಾರಂಟಿ.

ಅಲ್ಲಿಯವರೆಗೆ ಒಂದು ಹಳೆಯ ನಿಯಮ ಗೊತ್ತಿರಲಿ, ಮನೆಯ ಹಿರಿಯರಿಗೂ ಹೇಳಿ. ಟ್ರಾಯ್ 2013ರಲ್ಲಿ ಮಾಡಿದ ನಿಯಮದಂತೆ ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದಿದ್ದರೂ ಖಾತೆಯಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಕಂಪನಿ ಅದನ್ನು ರದ್ದು ಮಾಡುವಂತಿಲ್ಲ. ನಂಬರೇನೋ ಉಳಿಯುತ್ತದೆ. ಒಟಿಪಿ ಬರಬೇಕೆಂದರೆ ಮಾತ್ರ ಪ್ಯಾಕ್ ಹಾಕಿಸಲೇಬೇಕು.