ರೊಟ್ಟಿ ಬೇಕು, ತಟ್ಟಿದ ಕೈ ಬೇಡವೆ?

ಪಟ್ಟಣವೊಂದರ ಶೀಲವನ್ನು ಅರಿಯಬೇಕೆನ್ನುವವರು ಅದರ ಪುರಭವನದ ಭಾಷಣಗಳನ್ನು ಕೇಳುವುದಕ್ಕಿಂತ ಅದರ ಊಟದ ಮನೆಗಳಲ್ಲಿ ಒಂದು ಹೊತ್ತು ಕುಳಿತು ನೋಡುವುದು ಲೇಸು. ಯಾರು ಉಣ್ಣುತ್ತಾರೆ, ಯಾರು ಬಡಿಸುತ್ತಾರೆ, ಉಂಡವರು ಬಡಿಸಿದವರನ್ನು ಹೇಗೆ ಕಾಣುತ್ತಾರೆ ಎಂಬ ಮೂರು ಸಂಗತಿಗಳಲ್ಲಿ ಆ ಪಟ್ಟಣದ ನ್ಯಾಯಬುದ್ಧಿಯೆಲ್ಲ ಬಯಲಾಗುವುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಎರಡನೆಯ ದೊಡ್ಡ ನಗರವಾದ ಲಾಸ್ ಏಂಜಲೀಸಿನಲ್ಲಿ ಮೆಕ್ಸಿಕನ್ ಊಟಕ್ಕೆ ಜನರು ಮುಗಿಬೀಳುವ ಬಗೆಯನ್ನೂ, ಆ ಊಟವನ್ನು ಬೇಯಿಸಿದವರಿಗೆ ಅದೇ ನಗರದಲ್ಲಿ ಒದಗಿದ ಗತಿಯನ್ನೂ ಜೊತೆಯಲ್ಲಿಟ್ಟು ನೋಡಿದರೆ ಈ ಮಾತು ವಾಚಕರಿಗೆ ಮನದಟ್ಟಾಗದಿರದು.

ಈ ನಗರವು ಮೆಕ್ಸಿಕನ್ನರಿಗೆ ಪರಸ್ಥಳವಲ್ಲವೆಂಬುದನ್ನು ಮೊದಲು ನೆನೆಯತಕ್ಕದ್ದು. ಸ್ಪೇನಿನ ಆಳಿಕೆಯ ಕಾಲದಲ್ಲಿ, 1781ರಲ್ಲಿ, ಇಂದಿನ ಮೆಕ್ಸಿಕೋ ದೇಶದ ಕಡೆಯಿಂದ ಬಂದ 44 ಮಂದಿ ಈ ಊರನ್ನು ನೆಲೆಗೊಳಿಸಿದರು. 1821ರಲ್ಲಿ ಮೆಕ್ಸಿಕೋ ಸ್ವತಂತ್ರವಾದಾಗ ಊರು ಆ ರಾಷ್ಟ್ರಕ್ಕೆ ಸೇರಿತು. ಯುದ್ಧದಲ್ಲಿ ಸೋತ ಮೆಕ್ಸಿಕೋ 1848ರ ಒಪ್ಪಂದದಂತೆ ಕ್ಯಾಲಿಫೋರ್ನಿಯಾವನ್ನು ಬಿಟ್ಟುಕೊಟ್ಟಿತು. ಅಂದು ಅಲ್ಲಿದ್ದವರು ತಮ್ಮ ಮನೆಯಿಂದ ಕದಲಲಿಲ್ಲ, ಬದಲಾದುದು ರಾಜ್ಯ. ಹೀಗಿರಲು ಅಲ್ಲಿನ ಮೆಕ್ಸಿಕನ್ ಅಡಿಗೆಯನ್ನು ಪರದೇಶದ ಅಡಿಗೆಯೆಂದು ಕರೆಯುವುದು ಮನೆಯ ಹಳೆಯ ಯಜಮಾನನನ್ನು ಬಾಡಿಗೆಗೆ ಬಂದವನೆಂದು ಕರೆದಂತೆಯೇ ಸರಿ.

ಇನ್ನು ಆ ಅಡಿಗೆಯ ಹಿರಿಮೆಯೇನು ಸಾಮಾನ್ಯವೆ? ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಯಲು ಬಿಟ್ಟು, ಸಿಪ್ಪೆ ಹೋಗುವಂತೆ ತೊಳೆದು, ರುಬ್ಬಿದ ಹಿಟ್ಟಿನಿಂದ ತೋರ್ತಿಯಾ ಎಂಬ ತೆಳುವಾದ ರೊಟ್ಟಿಯನ್ನು ಮಾಡುತ್ತಾರೆ. ಅದರಲ್ಲಿ ಪಲ್ಯವನ್ನೋ ಮಾಂಸವನ್ನೋ ಇಟ್ಟು ಮಡಿಸಿದರೆ ಅದೇ ಟಾಕೊ. ಸುಣ್ಣದ ಸಂಸ್ಕಾರವು ಬರಿಯ ರುಚಿಗಾಗಿ ಅಲ್ಲ. ಜೋಳದಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ತ್ವವನ್ನು ಅದು ದೇಹಕ್ಕೆ ದಕ್ಕುವಂತೆ ಮಾಡುವುದು. ಯೂರೋಪಿಯನ್ನರು ಜೋಳವನ್ನು ಕೊಂಡೊಯ್ದರು, ಆದರೆ ಅದನ್ನು ಬೇಯಿಸುತ್ತಿದ್ದವರ ತಿಳಿವಳಿಕೆಯನ್ನು ಅಲ್ಲಿಯೇ ಬಿಟ್ಟುಹೋದರು. ಅದರ ಫಲವಾಗಿ, ಜೋಳವನ್ನೇ ನೆಚ್ಚಿ ಬದುಕಿದ ಇಟಲಿಯ ಬಡವರೂ ಅಮೆರಿಕದ ದಕ್ಷಿಣ ಸಂಸ್ಥಾನಗಳ ಬಡವರೂ ಪೆಲ್ಲಾಗ್ರವೆಂಬ ರೋಗದಿಂದ ಬಹುಕಾಲ ನರಳಿದರು. ಅನ್ನವನ್ನು ತೆಗೆದುಕೊಂಡು ಅನ್ನ ಮಾಡಿದವರನ್ನು ಕಡೆಗಣಿಸಿದುದರ ಶಿಕ್ಷೆ ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲಿ ಕಂಡೀತು! ಈ ಅಡಿಗೆಯ ಪರಂಪರೆಯನ್ನು ಯುನೆಸ್ಕೋ ಸಂಸ್ಥೆಯು 2010ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮಗೂ ಆ ಅಡಿಗೆಮನೆಯ ಋಣ ಉಂಟು. ನಮ್ಮ ಬ್ಯಾಡಗಿಯ ಮೆಣಸಿನಕಾಯಿಯ ಪೂರ್ವಿಕರು ಪೋರ್ತುಗೀಜರ ಹಡಗುಗಳಲ್ಲಿ ಇತ್ತ ಬಂದುದು ಆ ಖಂಡದಿಂದಲೇ.

ಲಾಸ್ ಏಂಜಲೀಸಿನ ಹಳೆಯ ಚೌಕದ ಪಕ್ಕದಲ್ಲಿ ಓಲ್ವೆರಾ ಬೀದಿ ಎಂಬುದೊಂದುಂಟು. ಪಾಳುಬಿದ್ದಿದ್ದ ಅದನ್ನು 1930ರಲ್ಲಿ ‘ಹಳೆಯ ಮೆಕ್ಸಿಕೋ’ದ ಮಾದರಿಯ ಪೇಟೆಯಾಗಿ ಸಿಂಗರಿಸಿ ಪ್ರವಾಸಿಗರಿಗೆ ತೆರೆದರು. ಬಣ್ಣಬಣ್ಣದ ಅಂಗಡಿಗಳು, ಗಿಟಾರಿನ ನಾದ, ಬಿಸಿಬಿಸಿ ತಿಂಡಿಗಳು! ಅಲ್ಲಿ 1934ರಲ್ಲಿ ತೆರೆದ ಸಿಯೆಲಿತೊ ಲಿಂದೊ ಎಂಬ ಚಿಕ್ಕ ಅಂಗಡಿಯ ಸುರುಳಿ ಟಾಕೊಗಳು ಊರಿಗೆಲ್ಲ ಹೆಸರಾದವು. ಆದರೆ ಪೇಟೆ ತೆರೆದು ವರ್ಷ ತುಂಬುವ ಮೊದಲೇ, 1931ರ ಫೆಬ್ರವರಿ 26ರಂದು, ಅಧಿಕಾರಿಗಳು ಪಕ್ಕದ ಚೌಕವನ್ನು ಮುತ್ತಿ ಸುಮಾರು 400 ಜನರನ್ನು ತಡೆಹಿಡಿದು ಕಾಗದಪತ್ರಗಳನ್ನು ಕೇಳಿದರು. ಆರ್ಥಿಕ ಮುಗ್ಗಟ್ಟಿನ ಆ ದಶಕದಲ್ಲಿ ಲಕ್ಷಾಂತರ ಮೆಕ್ಸಿಕನ್ ಮೂಲದವರನ್ನು ಗಡಿಯಾಚೆಗೆ ಸಾಗಹಾಕಲಾಯಿತು. ಅವರಲ್ಲಿ ಅಮೆರಿಕದ ಪೌರರೇ ಆದವರೂ ಬಹಳ ಮಂದಿ ಇದ್ದರು. 1932ರಲ್ಲಿ ಸಿಕೇರೋಸ್ ಎಂಬ ಮೆಕ್ಸಿಕನ್ ಚಿತ್ರಕಾರನು ಅದೇ ಬೀದಿಯ ಗೋಡೆಯೊಂದರ ಮೇಲೆ, ಶಿಲುಬೆಗೇರಿದ ಆದಿವಾಸಿಯನ್ನೂ ಅವನ ತಲೆಯ ಮೇಲೆ ಅಮೆರಿಕದ ಗರುಡನನ್ನೂ ಬರೆದನು. ಕೆಲವು ವರ್ಷಗಳಲ್ಲಿಯೇ ಅದಕ್ಕೆ ಬಿಳಿಯ ಬಣ್ಣ ಬಳಿದು ಮರೆಮಾಡಿದರು. ಅದು ಮತ್ತೆ ಜನರ ಕಣ್ಣಿಗೆ ಬಿದ್ದುದು 2012ರಲ್ಲಿ. ಆ ಗಡೀಪಾರಿಗಾಗಿ ಕ್ಯಾಲಿಫೋರ್ನಿಯಾ ಸಂಸ್ಥಾನವು ಶಾಸನದ ಮೂಲಕ ಕ್ಷಮೆ ಬೇಡಿದುದು 2005ರಲ್ಲಿ. ತಿಂಡಿಯ ರುಚಿ ಹತ್ತಲು ಒಂದು ದಿನ ಸಾಕಾಯಿತು. ತಪ್ಪು ಒಪ್ಪಲು ಮುಕ್ಕಾಲು ಶತಮಾನ ಹಿಡಿಯಿತು!

ಲಾಭದ ಕಥೆಯೂ ಹೀಗೆಯೇ. ಸಮೀಪದ ಸ್ಯಾನ್ ಬರ್ನಾರ್ಡಿನೋದಲ್ಲಿ 1937ರಲ್ಲಿ ಮೆಕ್ಸಿಕನ್ ಕುಟುಂಬವೊಂದು ತೆರೆದ ಮಿತ್ಲಾ ಕೆಫೆಯ ಎದುರಿನಲ್ಲಿ ತಿಂಡಿಯಂಗಡಿ ಇಟ್ಟಿದ್ದ ಗ್ಲೆನ್ ಬೆಲ್ ಎಂಬವರು ಅಲ್ಲಿ ಉಂಡು, ಗರಿಗರಿಯಾಗಿ ಕರಿದ ಟಾಕೊವಿನ ವಿಧಾನವನ್ನು ಅರಿತುಕೊಂಡರು. 1962ರಲ್ಲಿ ಅವರು ಡೌನಿಯಲ್ಲಿ ತೆರೆದ ಟಾಕೊ ಬೆಲ್ ಇಂದು ಲೋಕವ್ಯಾಪಿಯಾದ ವ್ಯಾಪಾರ. ಮಿತ್ಲಾ ಕೆಫೆ ಇಂದಿಗೂ ಅದೇ ಊರಿನ ಒಂದು ಊಟದ ಮನೆ. ಕಲಿಯುವುದು ಅಪರಾಧವಲ್ಲ, ಆದರೆ ಕಲಿಸಿದವರ ಪಾಲು ಎಷ್ಟೆಂದು ಕೇಳುವುದೂ ಅಪರಾಧವಲ್ಲ.

ಬೆಲೆಯ ವಿಷಯದಲ್ಲಿ ಉಣ್ಣುವವರ ಮನಸ್ಸು ಇನ್ನೂ ಸ್ಪಷ್ಟವಾಗಿ ತೋರುವುದು. ಫ್ರೆಂಚ್ ಊಟಕ್ಕೆ ಕೇಳಿದಷ್ಟು ಹಣ ತೆತ್ತು ಹೆಮ್ಮೆಪಡುವ ಗೃಹಸ್ಥರೇ ಟಾಕೊವಿಗೆ ಒಂದು ಡಾಲರು ಹೆಚ್ಚಾದರೆ ಹುಬ್ಬು ಗಂಟಿಕ್ಕುತ್ತಾರೆ. ನ್ಯೂಯಾರ್ಕಿನಲ್ಲಿ ಅಧ್ಯಾಪಕರಾಗಿರುವ ನಮ್ಮ ದೇಶದ ಕೃಷ್ಣೇಂದು ರಾಯ್ ಅವರು 2016ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಮೂಲವನ್ನು ಶೋಧಿಸಿದ್ದಾರೆ. ವಲಸೆ ಬಂದ ಜನಾಂಗಕ್ಕೆ ಸಮಾಜದಲ್ಲಿ ಯಾವ ಅಂತಸ್ತೋ ಅದರ ಅಡಿಗೆಗೂ ಅದೇ ಬೆಲೆ ಎಂಬುದು ಅವರ ವಾದದ ಸಾರ. ವಿನೋದವೇನೆಂದರೆ, ಆ ನಗರದ ಫ್ರೆಂಚ್, ಇಟಾಲಿಯನ್ ಊಟದ ಮನೆಗಳ ಒಲೆಯ ಮುಂದೆ ಬೆವರುವವರಲ್ಲಿಯೂ ಅನೇಕರು ಮೆಕ್ಸಿಕನ್ನರೇ. ಕೈ ಒಂದೇ, ಬೆಂಕಿ ಒಂದೇ; ತಟ್ಟೆಯ ಹೆಸರು ಬದಲಾದೊಡನೆ ಬೆಲೆಯೂ ಬದಲಾಗುವುದು. ಅಗ್ಗದ ಊಟವು ಬಡವರಿಗೆ ಉಪಕಾರವಲ್ಲವೆ ಎಂದು ಕೆಲವರು ಕೇಳಬಹುದು. ಬಡವನು ಬಡವನಿಗೆ ಅಗ್ಗವಾಗಿ ಉಣಿಸಿದರೆ ಅದು ಉಪಕಾರ. ಉಳ್ಳವನು ಬಡವನ ಕೂಲಿಯನ್ನು ಹಿಂಡಿ ಅಗ್ಗವಾಗಿ ಉಂಡರೆ ಅದಕ್ಕೆ ಬೇರೆ ಹೆಸರುಂಟು.

ಒಳ್ಳೆಯ ಲಕ್ಷಣಗಳು ಇಲ್ಲವೆಂದು ನಾವು ಹೇಳುವುದಿಲ್ಲ. ಮೆಣಸಿನಕಾಯಿ, ಎಳ್ಳು, ಕಾಯಿಬೀಜಗಳನ್ನು ಹುರಿದು ಅರೆದು, ಒಮ್ಮೊಮ್ಮೆ ಕೋಕೋವನ್ನೂ ಬೆರಸಿ ಮಾಡುವ ಒವಾಹಾಕಾ ಪ್ರಾಂತದ ಗಟ್ಟಿ ಗೊಜ್ಜುಗಳಿಗೆ ಹೆಸರಾದ, 1994ರಲ್ಲಿ ಸ್ಥಾಪಿತವಾದ ಗೆಲಾಗೆಟ್ಸಾ ಎಂಬ ಊಟದ ಮನೆಗೆ 2015ರಲ್ಲಿ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನದ ಗೌರವ ದೊರೆಯಿತು. ಸಾಮಾನ್ಯ ಮಾರುಕಟ್ಟೆಯ ಕಟ್ಟಡದಲ್ಲಿರುವ ಓಲ್ಬೋಶ್ ಎಂಬ ಮೀನಿನ ಅಡಿಗೆಯ ಅಂಗಡಿಗೆ 2024ರಲ್ಲಿ ಮಿಶೆಲಿನ್ ನಕ್ಷತ್ರ ಬಂದಿತು. ಕಾಲುದಾರಿಯಲ್ಲಿ ತಿಂಡಿ ಮಾರುವವರನ್ನು ಅಪರಾಧಿಗಳಂತೆ ಕಾಣಕೂಡದೆಂದು ಕ್ಯಾಲಿಫೋರ್ನಿಯಾ 2018ರಲ್ಲಿ ಕಾಯಿದೆ ಮಾಡಿತು. ಆದರೂ 2025ರ ಜೂನ್ ತಿಂಗಳಲ್ಲಿ ಸಂಯುಕ್ತ ಸರಕಾರದ ವಲಸೆ ಅಧಿಕಾರಿಗಳ ದಾಳಿಗಳು ಆರಂಭವಾದಾಗ, ನಿತ್ಯ ಹೊಗೆಯಾಡುತ್ತಿದ್ದ ಎಷ್ಟೋ ಬೀದಿಬದಿಯ ಒಲೆಗಳು ಆರಿದವು. ಎಷ್ಟೋ ಊಟದ ಮನೆಗಳಲ್ಲಿ ಮೇಜುಗಳು ಬರಿದಾದವು. 1931ರ ಚೌಕದ ನೆನಪು ಹಿರಿಯರಿಗೆ ಮರುಕಳಿಸಿದ್ದರೆ ಆಶ್ಚರ್ಯವೇನು?

ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ಗಡಿಯನ್ನು ಕಾಯುವ ಅಧಿಕಾರವುಂಟೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದುಡಿಮೆ ಬೇಕಾದಾಗ ಬಾಗಿಲನ್ನು ಅರೆತೆರೆದಿಟ್ಟು, ಬೇಡವಾದಾಗ ದುಡಿದವನನ್ನೇ ಕಳ್ಳನೆನ್ನುವುದು ಯಾವ ರಾಜನೀತಿ? ಕಾಯಿದೆಯು ಮುಖ ನೋಡಿ ಮಣೆ ಹಾಕಲಾರಂಭಿಸಿದರೆ ಪೌರನಿಗೂ ಉಳಿಗಾಲವಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ಖಾರ, ಕಾಳು, ಅನ್ನ, ರೊಟ್ಟಿ ದೊರೆಯುವುದೆಂದು ಮೆಕ್ಸಿಕನ್ ಊಟದ ಮನೆಗಳಿಗೆ ಹೋಗುವವರು ಬಹಳ ಮಂದಿ. ಸಸ್ಯಾಹಾರಿಗಳು ಕಾಳಿನ ಪಲ್ಯಕ್ಕೆ ಹಂದಿಯ ಕೊಬ್ಬು ಬೆರೆತಿದೆಯೆ ಎಂದು ಕೇಳಿ ಉಣ್ಣುವುದು ಒಳ್ಳೆಯದು. ಅಷ್ಟು ಕೇಳುವವರು ಬಡಿಸಿದವರ ಊರು, ಹೆಸರು, ಕ್ಷೇಮಗಳನ್ನೂ ಕೇಳಲಿ. ನ್ಯಾಯವಾದ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡಲಿ. ಅವರನ್ನು ಓಡಿಸಬೇಕೆಂಬ ಕೂಗಿಗೆ ದನಿಗೂಡಿಸದಿರಲಿ. ತಾವೂ ಸಾಗರ ದಾಟಿ ಹೋದವರೆಂಬುದನ್ನು ಅವರು ಮರೆಯಕೂಡದು. ಉಂಡ ಮನೆಗೆ ಎರಡು ಬಗೆಯಬಾರದೆಂದು ನಮ್ಮ ಹಿರಿಯರು ಹೇಳಿದುದು ಒಂದು ಮನೆಗೆ ಮಾತ್ರವಲ್ಲ, ಮಹಾನಗರಗಳಿಗೂ ಸಲ್ಲತಕ್ಕ ಮಾತು.