ಒಂದು ಕೋಳಿ ಸತ್ತ ಮೇಲೆ: ಉಳಿದವನ್ನು ಮಾರಬೇಕೆ, ಕಾಯಬೇಕೆ?



2025ರ ಫೆಬ್ರುವರಿ–ಮಾರ್ಚ್ ತಿಂಗಳುಗಳಲ್ಲಿ ನಮ್ಮ ರಾಜ್ಯದಲ್ಲಿ ಹಕ್ಕಿಜ್ವರ ಮತ್ತೆ ಕಾಣಿಸಿಕೊಂಡಿತು. ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿಯೂ, ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿಯೂ ಅದು ದೃಢಪಟ್ಟಿತು. ಅದಕ್ಕೂ ಮೊದಲು, 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲು ಹಾಗೂ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಕಂಡುಬಂದಿತ್ತು. ಇಂತಹ ಸುದ್ದಿ ಬಂದಾಗಲೆಲ್ಲ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಹಿತ್ತಲಿನಲ್ಲಿ ಒಂದು ಕೋಳಿ ಸತ್ತರೆ ಉಳಿದ ಎಂಟು–ಹತ್ತನ್ನು ಏನು ಮಾಡಬೇಕು?

ಸಾಮಾನ್ಯವಾಗಿ ದೊರೆಯುವ ಉತ್ತರ, ‘ಇವೂ ಸಾಯುವ ಮುನ್ನ ಸಂತೆಗೆ ಒಯ್ದು ಮಾರಿಬಿಡಿ’ ಎಂಬುದು. ಒಂದು ಮನೆಯ ಲೆಕ್ಕದಲ್ಲಿ ಇದು ಜಾಣತನವೆನಿಸಬಹುದು. ಜವಾರಿ ಕೋಳಿಯ ಹಣ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಕೈಯಲ್ಲಿರುವ ಹಣ. ಅದನ್ನು ಕಳೆದುಕೊಳ್ಳಲು ಯಾರಿಗೂ ಮನಸ್ಸಾಗದು. ಆದರೆ ರೋಗದ ಲೆಕ್ಕ ಬೇರೆ. ಹಿತ್ತಲಿನ ಕೋಳಿ ಬೇಲಿಯನ್ನು ಮಾನ್ಯ ಮಾಡುವುದಿಲ್ಲ. ಓಣಿಯ ಎಲ್ಲ ತಿಪ್ಪೆಗಳೂ ಅದಕ್ಕೆ ಒಂದೇ. ಆದ್ದರಿಂದ ನಿಮ್ಮ ಹತ್ತು ಕೋಳಿಗಳು ಒಂದು ಹಿಂಡಲ್ಲ, ಓಣಿಯ ಕೋಳಿಗಳೆಲ್ಲ ಸೇರಿ ಒಂದು ಹಿಂಡು. ಸಂತೆಗೆ ಹೋದ ರೋಗಪೀಡಿತ ಕೋಳಿ ಹತ್ತಾರು ಊರುಗಳಿಗೆ ಸೋಂಕನ್ನು ಹಂಚಿಬರುತ್ತದೆ. ಕೆಲವು ದಿನಗಳ ನಂತರ ನೀವು ಅದೇ ಸಂತೆಯಿಂದ ಮರಿ ತಂದರೆ ಆ ಸೋಂಕು ನಿಮ್ಮ ಮನೆಗೇ ಮರಳುತ್ತದೆ.

ಮೊದಲು ಕಾರಣವನ್ನು ಗುರುತಿಸಿ

ಸತ್ತ ಪ್ರತಿಯೊಂದು ಕೋಳಿಯೂ ಹಕ್ಕಿಜ್ವರದಿಂದ ಸತ್ತಿರುವುದಿಲ್ಲ. ಮೈಮೇಲೆ ಗಾಯವಿದ್ದು, ಪುಕ್ಕಗಳು ಚೆದುರಿದ್ದರೆ ನಾಯಿ, ಬೆಕ್ಕು ಅಥವಾ ಮುಂಗುಸಿಯ ಕೆಲಸವಿರಬಹುದು. ಏಪ್ರಿಲ್–ಮೇ ತಿಂಗಳಲ್ಲಿ ಮಧ್ಯಾಹ್ನ ಬಾಯಿ ತೆರೆದು ಏದುಸಿರು ಬಿಡುತ್ತಾ ಬಿದ್ದಿದ್ದರೆ ಬಿಸಿಲಿನ ಝಳ ಕಾರಣವಿರಬಹುದು.

ಬೇಸಾಯಶಾಸ್ತ್ರಜ್ಞನಾಗಿ ನಾನು ಇನ್ನೂ ಮೂರು ಕಾರಣಗಳತ್ತ ನಿಮ್ಮ ಗಮನ ಸೆಳೆಯಬಯಸುತ್ತೇನೆ. ಒಂದು, ಬೀಜೋಪಚಾರ ಮಾಡಿದ ಕಾಳು. ಗೋವಿನಜೋಳ, ಹತ್ತಿ, ಬಿಳಿಜೋಳ ಅಥವಾ ಕಡಲೆ ಬಿತ್ತುವಾಗ ಅಂಗಳದಲ್ಲಿ ಚೆಲ್ಲಿದ ಬಣ್ಣದ ಬೀಜವನ್ನು ಕೋಳಿಗಳು ಹೆಕ್ಕಿ ತಿನ್ನುತ್ತವೆ. ಎರಡು, ಇಲಿಗಳಿಗೆಂದು ಇಟ್ಟ ಸತುವಿನ ಫಾಸ್ಫೈಡ್ ಬೆರೆಸಿದ ಕಾಳು. ಒಂದೇ ದಿನ ಎರಡು–ಮೂರು ಕೋಳಿಗಳು ಹಠಾತ್ತನೆ ಸತ್ತು, ಬಿತ್ತನೆ ಇಲ್ಲವೆ ಇಲಿ ನಿಯಂತ್ರಣ ಆಗಷ್ಟೇ ನಡೆದಿದ್ದರೆ ವಿಷವನ್ನು ಶಂಕಿಸಬೇಕು. ಮೂರು, ಬೂಷ್ಟು ಹಿಡಿದ ಗೋವಿನಜೋಳ. ಕಣದಲ್ಲಿ ಮಳೆಗೆ ಸಿಕ್ಕು ಸರಿಯಾಗಿ ಒಣಗದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಉತ್ಪತ್ತಿಯಾಗುತ್ತದೆ. ತೊಳೆದರೂ ಕುದಿಸಿದರೂ ಅದು ಪೂರ್ಣ ಹೋಗದು. ಅದು ಯಕೃತ್ತನ್ನು ಕೆಡಿಸುವುದಲ್ಲದೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ ಲಸಿಕೆಯ ಫಲವನ್ನೂ ಕಡಿಮೆ ಮಾಡುತ್ತದೆ. ಮನುಷ್ಯರಿಗೆ ಬೇಡವಾದ ಕಾಳನ್ನು ಕೋಳಿಗೆ ಹಾಕುವ ರೂಢಿಯನ್ನು ಬಿಡಬೇಕು. ಕಾಳನ್ನು ಶೇ. 12ರಷ್ಟು ತೇವಾಂಶಕ್ಕೆ ಒಣಗಿಸಿಯೇ ಸಂಗ್ರಹಿಸಬೇಕು.

ಇನ್ನು ರೋಗಗಳ ವಿಷಯ. ಹಸಿರು ಭೇದಿ, ಉಸಿರಾಟದ ತೊಂದರೆ, ಕತ್ತು ತಿರುಚುವುದು, ಕಾಲು–ರೆಕ್ಕೆ ಸೋಲುವುದು, ಒಂದರ ಹಿಂದೆ ಒಂದು ಸಾಯುವುದು ಇವು ರಾಣಿಖೇತ್ ಅಥವಾ ಕೊಕ್ಕರೆ ರೋಗದ ಲಕ್ಷಣಗಳು. ತಲೆ ಬಾತು, ಜುಟ್ಟು ನೀಲಿಗಟ್ಟಿ, ಕಾಲಿನ ಚರ್ಮದಡಿ ರಕ್ತ ಕಂಡು ಹಠಾತ್ತನೆ ಸತ್ತರೆ ಹಕ್ಕಿಜ್ವರದ ಶಂಕೆ ಬಲವಾಗುತ್ತದೆ. ಆದರೆ ಕಣ್ಣಿನಿಂದ ನೋಡಿ ಇವೆರಡನ್ನೂ ಖಚಿತವಾಗಿ ಬೇರ್ಪಡಿಸಲಾಗದು. ಪ್ರಯೋಗಾಲಯದ ಪರೀಕ್ಷೆಯೇ ಬೇಕು.

ಕೂಡಲೇ ಕೈಗೊಳ್ಳಬೇಕಾದ ಕ್ರಮಗಳು

ಸತ್ತ ಕೋಳಿಯನ್ನು ಬರಿಗೈಯಿಂದ ಮುಟ್ಟಬೇಡಿ, ಕೊಯ್ದು ನೋಡಬೇಡಿ, ಅಡುಗೆಗೆ ಬಳಸಬೇಡಿ. ಮೂಗು–ಬಾಯಿಗೆ ಬಟ್ಟೆ ಕಟ್ಟಿ, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಎತ್ತಿರಿ. ಅದನ್ನು ಹಳ್ಳಕ್ಕೆ, ಕಾಲುವೆಗೆ ಅಥವಾ ತಿಪ್ಪೆಗೆ ಎಸೆಯುವುದು ಸಲ್ಲದು; ನಾಯಿ–ಕಾಗೆಗಳು ಅದನ್ನು ಊರೆಲ್ಲ ಹರಡುತ್ತವೆ. ರೋಗದ ಶಂಕೆಯಿದ್ದರೆ ಪಶುವೈದ್ಯರು ಮಾದರಿ ಪಡೆಯುವವರೆಗೆ ನಾಯಿಗೆ ಸಿಗದಂತೆ ಮುಚ್ಚಿಡಿ. ಬಳಿಕ ಬಾವಿ ಹಾಗೂ ಕೊಳವೆಬಾವಿಯಿಂದ ದೂರದಲ್ಲಿ, ಕನಿಷ್ಠ ಮೂರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ. ಕೈಕಾಲುಗಳನ್ನು ಸಾಬೂನಿನಿಂದ ತೊಳೆದುಕೊಳ್ಳಿ.

ಉಳಿದ ಕೋಳಿಗಳನ್ನು ಹೊರಬಿಡದೆ ಬುಟ್ಟಿಯಲ್ಲಿ ಅಥವಾ ಗೂಡಿನಲ್ಲಿ ಕೂಡಿಹಾಕಿ, ಕಾಳು–ನೀರನ್ನು ಅಲ್ಲಿಯೇ ಕೊಡಿ. ಮಂಕಾದ ಕೋಳಿಯನ್ನು ಬೇರೆ ಇಡಿ; ಆರೋಗ್ಯವಂತ ಕೋಳಿಗಳಿಗೆ ಮೇವು ಹಾಕಿದ ಬಳಿಕವೇ ಅದರ ಬಳಿಗೆ ಹೋಗಿ. ಮುಂದಿನ 21 ದಿನ ಯಾವ ಕೋಳಿಯನ್ನೂ ಮಾರಬೇಡಿ, ಕೊಳ್ಳಬೇಡಿ, ಬೀಗರಿಗೂ ಕೊಡಬೇಡಿ. ರಾಣಿಖೇತ್ ಸೋಂಕು ತಗುಲಿದ ಕೋಳಿ ಲಕ್ಷಣ ತೋರಲು ಎರಡು ವಾರಗಳವರೆಗೂ ಹಿಡಿಯಬಹುದು. ಇಂದು ಚುರುಕಾಗಿದೆ ಎಂಬುದು ಆರೋಗ್ಯದ ಖಾತ್ರಿಯಲ್ಲ.

ವರದಿ ಮಾಡುವುದರಲ್ಲಿ ನಿಮ್ಮ ಹಿತವೇ ಇದೆ

ರಾಣಿಖೇತ್ ಮತ್ತು ಹಕ್ಕಿಜ್ವರ ಎರಡೂ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿವೆ. ಶಂಕೆ ಬಂದೊಡನೆ ಗ್ರಾಮಾಧಿಕಾರಿಗೆ ಅಥವಾ ಪಂಚಾಯತಿಗೆ ತಿಳಿಸುವುದು ಮಾಲೀಕರ ಕರ್ತವ್ಯ. ಹಲವರು ‘ತಿಳಿಸಿದರೆ ಎಲ್ಲವನ್ನೂ ಕೊಲ್ಲುತ್ತಾರೆ’ ಎಂದು ಹೆದರಿ ಸುಮ್ಮನಿರುತ್ತಾರೆ. ಹಕ್ಕಿಜ್ವರ ದೃಢಪಟ್ಟರೆ ಒಂದು ಕಿಲೋಮೀಟರ್ ತ್ರಿಜ್ಯದ ಸೋಂಕಿತ ವಲಯದಲ್ಲಿ ಕೋಳಿಗಳನ್ನು ನಾಶಪಡಿಸುವುದು ನಿಜ. ಆದರೆ ಹಾಗೆ ನಾಶಪಡಿಸಿದ ಕೋಳಿಗಳಿಗೆ ಸರ್ಕಾರದಿಂದ ಪರಿಹಾರವಿದೆ. ಮೊದಲೇ ರೋಗದಿಂದ ಸತ್ತ ಕೋಳಿಗಳಿಗೆ ಪರಿಹಾರವಿಲ್ಲ. ಅಂದರೆ ಮೌನವಾಗಿ ಕಾದಷ್ಟೂ ನಷ್ಟ ನಿಮ್ಮದೇ. ರೋಗ ರಾಣಿಖೇತ್ ಎಂದು ಬೇಗ ತಿಳಿದರೆ, ಇನ್ನೂ ಸೋಂಕು ತಗುಲದ ಓಣಿಗಳ ಕೋಳಿಗಳನ್ನು ಲಸಿಕೆಯಿಂದ ಉಳಿಸಿಕೊಳ್ಳಬಹುದು.

ಲಸಿಕೆ ಓಣಿಯ ಕೆಲಸ

ರಾಣಿಖೇತ್ ರೋಗಕ್ಕೆ ಚಿಕಿತ್ಸೆಯಿಲ್ಲ, ಲಸಿಕೆಯಿದೆ. ಮರಿಗೆ 5–7 ದಿನವಾದಾಗ ಲಸೋಟಾ ಅಥವಾ ಎಫ್ ತಳಿಯ ಲಸಿಕೆಯನ್ನು ಕಣ್ಣಿಗೆ ಒಂದು ಹನಿ, ನಾಲ್ಕನೆಯ ವಾರ ಮತ್ತೊಮ್ಮೆ ಲಸೋಟಾ, ಎಂಟನೆಯ ವಾರ ರೆಕ್ಕೆಯ ಚರ್ಮದಡಿ ಆರ್‌2ಬಿ ಲಸಿಕೆ 0.5 ಮಿ.ಲೀ. ಹಾಕಿಸಬೇಕು. ಹಾಗಿದ್ದೂ ಹಿತ್ತಲ ಕೋಳಿಗಳಿಗೆ ಇದು ತಲುಪದಿರಲು ಒಂದು ಸರಳ ಕಾರಣವಿದೆ. ಲಸಿಕೆಯ ಸೀಸೆ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಆಗುವಷ್ಟು ಇರುತ್ತದೆ. ಕರಗಿಸಿದ ಮೇಲೆ ಮಂಜುಗಡ್ಡೆಯಲ್ಲಿಟ್ಟು ಒಂದೆರಡು ಗಂಟೆಗಳೊಳಗೆ ಮುಗಿಸಬೇಕು. ಹತ್ತು ಕೋಳಿಯ ಒಂದು ಮನೆಗೆ ಇದು ಎಟುಕದು. ಹತ್ತು ಮನೆಗಳ ಒಂದು ಓಣಿಗೆ ಸುಲಭವಾಗಿ ಎಟುಕುತ್ತದೆ. ಸ್ವಸಹಾಯ ಸಂಘದ ಸದಸ್ಯೆಯರು ಒಂದು ದಿನ ಗೊತ್ತುಮಾಡಿ, ಬೆಳಗಿನ ಜಾವ ಕೋಳಿಗಳನ್ನು ಹೊರಬಿಡುವ ಮುನ್ನವೇ ಪಶುವೈದ್ಯ ಸಿಬ್ಬಂದಿಯನ್ನು ಕರೆಸಿದರೆ ಒಂದು ಸೀಸೆಯಲ್ಲಿ ಇಡೀ ಓಣಿಯ ಕೆಲಸ ಮುಗಿಯುತ್ತದೆ.

ಹೊಸ ಕೋಳಿ ತರುವಾಗ

ತಾಯಿಕೋಳಿ ಸತ್ತು ಎಳೆಯ ಮರಿಗಳು ಉಳಿದಿದ್ದರೆ, ಅದು ರೋಗದಿಂದ ಸತ್ತಿಲ್ಲವೆಂದು ಖಚಿತವಾದಾಗ ಮಾತ್ರ, ರಾತ್ರಿ ಹೊತ್ತು ಕಾವಿಗೆ ಕುಳಿತ ಬೇರೆ ಹೇಂಟೆಯ ಅಡಿ ಅವನ್ನು ಸೇರಿಸಿ. ಇಲ್ಲವಾದರೆ ಬಲ್ಬಿನ ಶಾಖ ಒದಗಿಸಿ. ಹೊಸದಾಗಿ ತಂದ ಕೋಳಿಗಳನ್ನು ಮೂರು ವಾರ ಬೇರೆ ಇಟ್ಟು ನೋಡಿ, ನಂತರ ರಾತ್ರಿ ಗೂಡಿಗೆ ಸೇರಿಸಿ. ಒಂದನ್ನೇ ಬಿಟ್ಟರೆ ಹಳೆಯ ಕೋಳಿಗಳು ಕುಕ್ಕಿ ಗಾಯಗೊಳಿಸುತ್ತವೆ; ಎರಡು–ಮೂರನ್ನು ಒಟ್ಟಿಗೆ ಬಿಡುವುದು ಲೇಸು. ಹಿತ್ತಲಿಗೆಂದೇ ಅಭಿವೃದ್ಧಿಪಡಿಸಿದ ತಳಿಗಳಲ್ಲಿ ಸ್ವರ್ಣಧಾರಾ, ಗಿರಿರಾಜಕ್ಕಿಂತ ಹಗುರವಾದ್ದರಿಂದ ನಾಯಿ–ಬೆಕ್ಕುಗಳಿಂದ ತಪ್ಪಿಸಿಕೊಳ್ಳಬಲ್ಲದು. ಆದರೂ ಕಾವು ಕೊಡಲು ಒಂದೆರಡು ಜವಾರಿ ಹೇಂಟೆಗಳಿರಲಿ.

ಕೋಳಿಯ ಸಾವಿನ ಬಗ್ಗೆ ಅನುಮಾನವಿದ್ದರೆ ಸಮೀಪದ ಪಶು ಆಸ್ಪತ್ರೆಯನ್ನು ಅಥವಾ ಪಶುಸಂಗೋಪನಾ ಇಲಾಖೆಯ ಉಚಿತ ಸಹಾಯವಾಣಿ 1962 ಅನ್ನು ಸಂಪರ್ಕಿಸಿ. ಪಕ್ಕದ ಮನೆಯವರಿಗೂ ಅಂದೇ ತಿಳಿಸಿ. ಅವರು ತಮ್ಮ ಕೋಳಿಗಳನ್ನು ಕೂಡಿಹಾಕಿದರೆ ಉಳಿಯುವುದು ಅವರ ಕೋಳಿಗಳಷ್ಟೇ ಅಲ್ಲ, ನಿಮ್ಮವೂ ಹೌದು.