ಮಡಚುವ ಮನೆಗೆ ಗಿರಾಕಿ ಕಮ್ಮಿ

ಇಲ್ಲಿ ಅಮೆರಿಕದಲ್ಲಿ ‘ಪಾಪ್-ಅಪ್’ ಅಂತ ಕರೆಯೋ ಒಂದು ಟ್ರೈಲರ್ ಇದೆ. ಕಾರಿನ ಹಿಂದೆ ಎಳ್ಕೊಂಡು ಹೋಗುವಾಗ ಬರೀ ಚಪ್ಪಟೆ ಪೆಟ್ಟಿಗೆ. ಕ್ಯಾಂಪಿಂಗ್ ಜಾಗ ತಲುಪಿ ಹಿಡಿಕೆ ತಿರುಗಿಸಿದರೆ ಚಾವಣಿ ಮೇಲೇಳುತ್ತೆ, ಎರಡೂ ತುದಿಯಿಂದ ಹಾಸಿಗೆಗಳು ಡ್ರಾಯರ್ ಥರ ಹೊರಬರುತ್ತವೆ, ಸುತ್ತಲೂ ಕ್ಯಾನ್ವಾಸ್ ಗೋಡೆ. ಐದಾರು ಜನ ಆರಾಮಾಗಿ ಮಲಗಬಹುದು.

ಒಂದು ಕಾಲಕ್ಕೆ ಮಧ್ಯಮ ವರ್ಗದ ರಜೆ ಅಂದ್ರೆ ಇದೇ. ಇಂಡಿಯಾನಾದ ಜೇಕೊ ಕಂಪನಿ 1968ರಲ್ಲಿ ಶುರುವಾಗಿದ್ದೇ ಇಂಥ ಟ್ರೈಲರ್ ಮಾಡೋದಕ್ಕೆ. ಈ ಕ್ಷೇತ್ರದ ದೊಡ್ಡ ಹೆಸರು ಕೋಲ್‌ಮನ್. ಅದರ ಟ್ರೈಲರ್ ವ್ಯವಹಾರ 1989ರಲ್ಲಿ ಫ್ಲೀಟ್‌ವುಡ್ ಪಾಲಾಯ್ತು. 2009ರಲ್ಲಿ ಫ್ಲೀಟ್‌ವುಡ್ಡೇ ದಿವಾಳಿ ಅರ್ಜಿ ಹಾಕಿತು. ಹೊಸ ಪಾಪ್-ಅಪ್‌ಗಳು ಈಗಲೂ ಸಿಗುತ್ತವೆ, ಆದರೆ ಮಾಡೋರೂ ಕೊಳ್ಳೋರೂ ಬೆರಳೆಣಿಕೆ.

ಕಾರಣ ಕೇಳಿದರೆ ಎಲ್ಲರೂ ಹೇಳೋದು ಒಂದೇ: ಗಟ್ಟಿ ಗೋಡೆಯ ಟ್ರೈಲರ್‌ಗಳೇ ಹಗುರವಾದವು, ಅವನ್ನೆಳೆಯೋ ಎಸ್‌ಯುವಿ ಮನೆಮನೆಗೂ ಬಂತು. ನಿಜವೇ. ಕರಡಿಗಳೂ ಸ್ವಲ್ಪ ಕಾರಣ ಅನ್ನಿ. ಯೆಲ್ಲೋಸ್ಟೋನ್‌ನ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕಿಗೆ ಬಟ್ಟೆ ಗೋಡೆಯ ಗಾಡಿಗಳಿಗೆ ಪ್ರವೇಶವೇ ಇಲ್ಲ.

ನನಗನ್ನಿಸೋದು ಬೇರೆ. ಹೋದ ವರ್ಷ ಸಹೋದ್ಯೋಗಿಯ ಹಳೇ ಪಾಪ್-ಅಪ್ ಕಡ ತಗೊಂಡು ನಾಲ್ವರು ಗೆಳೆಯರು ಹೋಗಿದ್ವಿ. ಬಿಚ್ಚಿ ನಿಲ್ಲಿಸೋಕೆ ಅರ್ಧ ಗಂಟೆ. ಅದೇನೂ ಕಷ್ಟ ಅನ್ನಿಸಲಿಲ್ಲ, ಮಜಾನೇ ಇತ್ತು. ಭಾನುವಾರ ಬೆಳಗ್ಗೆ ಮಳೆ ಹಿಡೀತು. ಒದ್ದೆ ಕ್ಯಾನ್ವಾಸನ್ನೇ ಮಡಚಿ ಹೊರಡಬೇಕಾಯ್ತು. ಹಾಗೇ ಬಿಟ್ಟರೆ ಒಂದೆರಡು ದಿನದಲ್ಲೇ ಬೂಷ್ಟು. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಆಷಾಢದಲ್ಲಿ ಬೀರು ತೆಗೆದಾಗ ಬರೋ ಮುಗ್ಗಲು ವಾಸನೆ ಗೊತ್ತಲ್ಲ, ಅದೇ. ನನ್ನ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಅದನ್ನ ಬಿಚ್ಚೋಕೆ ಜಾಗ ಎಲ್ಲಿ? ಸೋಮವಾರ ಸಂಜೆ ಕೊನೇ ಮೀಟಿಂಗ್ ಮುಗಿಸಿ ಅವನ ಮನೆಗೇ ಹೋಗಿ, ಅಂಗಳದಲ್ಲಿ ಮತ್ತೆ ಪೂರ್ತಿ ಬಿಡಿಸಿದ್ವಿ. ಒಣಗೋಕೆ ಎರಡು ದಿನ ಹಿಡೀತು.

ಅಂದ್ರೆ ಈ ಗಾಡಿಗೆ ಕಮ್ಮಿ ದುಡ್ಡು ಸಾಕು, ಆದರೆ ಸ್ವಂತ ಅಂಗಳ ಬೇಕು, ವಾರದ ನಡುವೆ ಬಿಡುವಿನ ಸಂಜೆ ಬೇಕು. ನನ್ನ ವಯಸ್ಸಿನ ಬಾಡಿಗೆದಾರರಿಗೆ ಕಮ್ಮಿ ಇರೋದು ಅವೆರಡೇ. ತಮಾಷೆ ಏನಪ್ಪಾ ಅಂದ್ರೆ, ಪಾಪ್-ಅಪ್ ಓಲ್ಡ್ ಫ್ಯಾಷನ್ ಅನ್ನೋ ನನ್ನ ಗೆಳೆಯರೇ ಸಾವಿರಾರು ಡಾಲರ್ ಸುರಿದು ಕಾರಿನ ತಲೆ ಮೇಲೆ ಡೇರೆ ಕೂರಿಸ್ಕೊಳ್ತಿದ್ದಾರೆ. ಅದೂ ಬಟ್ಟೆಯೇ ಕಣ್ರೀ, ಅದನ್ನೂ ಒಣಗಿಸಬೇಕು!

ನಾಲ್ಕೈದು ಜನರ ಸಂಸಾರ ಇದ್ದು, ಮನೆ ಮುಂದೆ ಜಾಗವೂ ಇದ್ದರೆ ಸೆಕೆಂಡ್ ಹ್ಯಾಂಡ್ ಪಾಪ್-ಅಪ್ ಈಗಲೂ ಒಳ್ಳೇ ವ್ಯಾಪಾರ. ನೋಡೋಕೆ ಹೋದಾಗ ಚಾವಣಿ ಎತ್ತಿಸಿ, ಒಳಗೆ ತಲೆ ಹಾಕಿ ಮೊದಲು ಮೂಸಿ. ಆಮೇಲೆ ಹಿಡಿಕೆ ನೀವೇ ತಿರುಗಿಸಿ, ಕೇಬಲ್ ಎಲ್ಲಾದ್ರೂ ಸಿಕ್ಕಿಹಾಕ್ಕೊಳ್ಳುತ್ತಾ ನೋಡಿ. ರೇಟಿನ ಮಾತು ಅದಾದ ಮೇಲೆ.